ಮಾರ್ಸೆಲ್‌ನ ಕಾಲ್ಗುಣ

ಕಾಲ್ಗುಣ ಎಂಬುದನ್ನು ನಮ್ಮವರು ಹೊಸ ಸೊಸೆಯರ ತಲೆಗೆ ಕಟ್ಟುತ್ತಾರೆಯೇ ಹೊರತು ಅರವತ್ತರ ಹತ್ತಿರ ಬಂದ ಗಂಡಸರ ತಲೆಗಲ್ಲ. ಆದರೆ ದುಬೈನ ದೇರಾದ ಒಂದು ಮನೆಯಲ್ಲಿ, ಜರ್ಮನಿಯ ಒಂದು ಫುಟ್‌ಬಾಲ್ ಕ್ಲಬ್ಬಿನ ದೆಸೆಯಿಂದ, ಅದು ಮಂಗಳೂರಿನ ಮಾರ್ಸೆಲ್‌ನ ತಲೆಗೆ ಬಂತು.

ಕ್ಲಬ್ಬಿನ ಹೆಸರು ಗ್ರೂನ್‌ಹಾಫೆನ್. ಅದನ್ನು ಆ ಮನೆಗೆ ತಂದವನೇ ಮಾರ್ಸೆಲ್. ಹರೆಯದಲ್ಲಿ ಅವನು ಹಡಗಿನಲ್ಲಿದ್ದಾಗ, ಹಡಗು ಕೆಟ್ಟು ಒಂದು ಇಡೀ ಚಳಿಗಾಲ ಆ ಕ್ಲಬ್ಬಿನ ಊರಿನ ಬಂದರಿನಲ್ಲಿ ನಿಂತಿತ್ತು. ಭಾಷೆ ಬಾರದ ಊರು, ಮೂಳೆ ಕೊರೆಯುವ ಚಳಿ. ಅಲ್ಲಿನ ಕ್ರೇನ್ ನಡೆಸುವವನೊಬ್ಬ ಪ್ರತಿ ಶನಿವಾರ ಅವನನ್ನು ಕೈ ಹಿಡಿದು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದ. ಟೀಮು ಸೋಲುತ್ತಿತ್ತು, ಜನ ಹಾಡುತ್ತಿದ್ದರು. ಸೋತವರನ್ನೂ ಹೀಗೆ ಪ್ರೀತಿಸುವುದುಂಟೇ ಎಂದು ಅವನಿಗೆ ಆಶ್ಚರ್ಯವಾಗಿತ್ತು. ಆ ಪ್ರೀತಿ ಅಂಟಿದ್ದು ಮತ್ತೆ ಬಿಡಲಿಲ್ಲ.

ಆಮೇಲೆ ದುಬೈಗೆ ಬಂದು ಏಸಿ ಕಂಪೆನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಹಿಡಿದ. ಹೆಂಡತಿ ಗ್ರೇಸಿ ಊರಿನಲ್ಲೇ ತೀರಿಕೊಂಡಳು, ಮಕ್ಕಳಿಲ್ಲ. ಅಲ್ಲಿಂದೀಚೆಗೆ ಅವನ ವಾರದಲ್ಲಿ ಇದ್ದದ್ದು ಒಂದೇ ದಿನ, ಶನಿವಾರ. ಆವತ್ತು ಸಂಜೆ ಅವನು ಭಟ್ಕಳದ ಅಹ್ಮದ್‌ನ ಮನೆಗೆ ಹೋಗುತ್ತಿದ್ದ. ಅಹ್ಮದ್‌ನದು ಕೆಳಗೆ ಅತ್ತರಿನ ಅಂಗಡಿ, ಮೇಲೆ ಮನೆ, ಗೋಡೆಯ ತುಂಬ ದೊಡ್ಡ ಟಿವಿ. ಸಿಲಿಕಾನ್ ಓಯಸಿಸ್‌ನ ಆಫೀಸೊಂದರಲ್ಲಿ ಲೆಕ್ಕ ನೋಡುವ ಮೈಸೂರಿನ ಶ್ರೀನಿವಾಸಮೂರ್ತಿಯೂ ಬರುತ್ತಿದ್ದರು. ಕ್ರಿಕೆಟ್ಟಿನ ಆಚೆ ಏನೂ ಅರಿಯದ ಈ ಇಬ್ಬರಿಗೆ ಆಫ್‌ಸೈಡ್ ಎಂದರೇನು, ರೆಫರಿಯನ್ನು ಯಾವಾಗ ಬೈಯಬೇಕು, ಗೋಲಾದರೆ ಏನು ಹಾಡಬೇಕು, ಎಲ್ಲವನ್ನೂ ಕಲಿಸಿದ್ದು ಮಾರ್ಸೆಲ್. ಟಿವಿಯ ಎದುರಿನ ಬೆತ್ತದ ಕುರ್ಚಿ ಅವನದು. ಅವನು ಬರುವ ತನಕ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ.

ಈ ಸೀಸನ್ನಿನಲ್ಲಿ ಗ್ರೂನ್‌ಹಾಫೆನ್‌ಗೆ ಗ್ರಹಚಾರ ಕೆಟ್ಟಿತ್ತು. ಲೀಗಿನಲ್ಲಿ ಆರಂಭದಿಂದಲೂ ಸೋಲು, ಪಟ್ಟಿಯಲ್ಲಿ ತಳ. ಹೀಗೇ ಹೋದರೆ ಎರಡನೆಯ ದರ್ಜೆಗೆ ಇಳಿಯುವುದು ಖಂಡಿತ. ಒಂದು ಶನಿವಾರ ಮಾರ್ಸೆಲ್ ಕಂಪೆನಿಯ ಕೆಲಸದ ಮೇಲೆ ಅಬುಧಾಬಿಯ ಖಾಲಿದಿಯಾಕ್ಕೆ ಹೋಗಬೇಕಾಯಿತು. ಆವತ್ತು ಗೆದ್ದರು. ಮುಂದಿನ ವಾರ ಅವನು ಬಂದ, ಸೋತರು. ಮಧ್ಯದಲ್ಲೊಂದು ಕಪ್ ಪಂದ್ಯಕ್ಕೆ, ಅದು ಲೀಗಿನಿಂದ ಬೇರೆಯೇ ಟೂರ್ನಿ, ಹೊರಟವನು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ. ತಲುಪುವಷ್ಟರಲ್ಲಿ ಟೀಮು ಗೆದ್ದಾಗಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ.

"ಮಾರ್ಸೆಲ್ ಸಾರ್, ನಿಮ್ ಕಾಲ್ಗುಣ ಯಾಕೋ ಸರಿಯಿಲ್ಲ ಕಣ್ರೀ," ಎಂದು ಮೂರ್ತಿಗಳು ನಕ್ಕರು. ಇವರು ಜಾತಕ ನೋಡದೆ ಮಗಳ ಮದುವೆ ಮಾಡಿದೆನೆಂದು ಎಲ್ಲರೆದುರು ಹೇಳಿಕೊಳ್ಳುವ ಆಸಾಮಿ.

ಅಹ್ಮದ್‌ನ ಹೆಂಡತಿ ಸಾಲಿಹಾ ಚಹಾ ಇಡುತ್ತ ಗದರಿದಳು. "ಅಪಶಕುನ ಗಿಪಶಕುನ ಎಲ್ಲ ನಮ್ಮ ದೀನ್-ಧರ್ಮದಲ್ಲಿ ಇಲ್ಲ. ಎಂತ ಮಾತು ಅದು?"

"ತಮಾಷೆಗೆ ಮಾರಾಯ್ತಿ," ಎಂದ ಅಹ್ಮದ್.

ಚರ್ಚಿನ ಪಾದ್ರಿಯನ್ನು ಕೇಳಿದ್ದರೂ ಬೈಗುಳವೇ ಸಿಗುತ್ತಿತ್ತು. ಮೂರು ಮತದವರು ಸೇರಿ ಯಾರ ಮತದಲ್ಲೂ ನಿಲ್ಲದ ಒಂದು ಮಾತನ್ನು ಹಿಡಿದುಕೊಂಡರು. ಮಾರ್ಸೆಲ್ ಹಾಲು ತರಲು ಕೆಳಗಿಳಿದರೆ ಗೋಲು. ವಾಪಸು ಬಂದರೆ ಎದುರಿನವರ ಗೋಲು. "ಯಲ್ಲಾ, ಹೊರಡು, ಸ್ವಲ್ಪ ಹೊರಗೆ ನಿಲ್ಲು ಮಾರಾಯ," ಎಂದು ಅಹ್ಮದ್ ಅವನನ್ನು ಮೆಟ್ಟಿಲಿಗೆ ಅಟ್ಟುತ್ತಿದ್ದ. ಅವನೂ ನಗುತ್ತಲೇ ಹೋಗಿ ನಿಲ್ಲುತ್ತಿದ್ದ. ಬಾಗಿಲ ಆಚೆ ತಾನು ಕಲಿಸಿದ ಹಾಡು ಕೇಳಿದಾಗ ಖುಷಿಯೂ ಆಗುತ್ತಿತ್ತು.

ಫೆಬ್ರವರಿಯಲ್ಲಿ, ಕಪ್ಪಿನ ಕ್ವಾರ್ಟರ್ ಫೈನಲ್ ದಿನ, ಅಹ್ಮದ್ ಫೋನ್ ಮಾಡಿದ. "ಬೇಜಾರು ಮಾಡ್ಬೇಡ. ಇವತ್ತೊಂದು ದಿನ ಬರುವುದು ಬೇಡ."

"ಆಯ್ತು ಮಾರಾಯ. ಗೆದ್ರೆ ಸಾಕು," ಎಂದ ಮಾರ್ಸೆಲ್.

ಪೆನಾಲ್ಟಿಯಲ್ಲಿ ಗೆದ್ದರು. ಅಲ್ಲಿಗೆ ತಮಾಷೆ ಹೋಗಿ ಕಟ್ಟಳೆಯಾಯಿತು. ಅದರ ಮುಂದಿನ ಶನಿವಾರ ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಮಾರ್ಸೆಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಫೋನು ನೋಡುತ್ತ ಕೂತ, ಆಮೇಲೆ ಅಂಗಿ ಬಿಚ್ಚಿಟ್ಟ. ನಾನು ಹೇಳುತ್ತೇನೆ, ಇಂಥ ಕ್ರೌರ್ಯಕ್ಕೆ ಕೆಟ್ಟ ಜನ ಬೇಕಾಗಿಲ್ಲ. ಒಳ್ಳೆಯ ಸ್ನೇಹಿತರು ಒಂದಿಷ್ಟು ಮೈಮರೆತರೆ ಸಾಕು.

ಅವನು ಎಷ್ಟು ನಿಯತ್ತಿನ ಮನುಷ್ಯ ಎಂದರೆ, ಫೋನಿನಲ್ಲೂ ಪಂದ್ಯ ನೋಡುವುದನ್ನು ಬಿಟ್ಟ. ತನ್ನ ಕಣ್ಣು ತಾಗಿ ಗೋಲು ತಪ್ಪಿದರೆ? ಆಟದ ಹೊತ್ತಿಗೆ ಕ್ರೀಕಿನ ಕಡೆ ಹೋಗಿ, ಅಬ್ರಾ ದೋಣಿಯಲ್ಲಿ ಆ ದಡಕ್ಕೂ ಈ ದಡಕ್ಕೂ ಸುಮ್ಮನೆ ದಾಟುತ್ತಿದ್ದ. ಮೊದಮೊದಲು ಪಂದ್ಯ ಮುಗಿದ ಕೂಡಲೇ ಅಹ್ಮದ್ ಸುದ್ದಿ ಕಳಿಸುತ್ತಿದ್ದ, ಸಾಲಿಹಾ ಬಿರಿಯಾನಿ ಕಳಿಸುತ್ತಿದ್ದಳು. ಬರಬರುತ್ತ ಮೂರ್ತಿಗಳು ಹೇಳಿರುತ್ತಾರೆಂದು ಅಹ್ಮದ್, ಅಹ್ಮದ್ ಹೇಳಿರುತ್ತಾನೆಂದು ಮೂರ್ತಿಗಳು, ಇಬ್ಬರೂ ಸುಮ್ಮನಾದರು. ಏಪ್ರಿಲ್‌ನಲ್ಲಿ ಸೆಮಿಫೈನಲ್ ಗೆದ್ದು, ಕ್ಲಬ್ಬು ಇತಿಹಾಸದಲ್ಲೇ ಮೊದಲ ಸಲ ಬರ್ಲಿನ್ನಿನ ಕಪ್ ಫೈನಲ್ ತಲುಪಿದ್ದು ಅವನಿಗೆ ಗೊತ್ತಾದದ್ದು ಮರುದಿನ, ಆಫೀಸಿನಲ್ಲಿ ಕಂಪ್ಯೂಟರ್ ತೆರೆದಾಗ.

ಅದನ್ನೂ ನುಂಗಿಕೊಂಡ. ಆದರೆ ಅವರ ವಾಟ್ಸಾಪ್ ಗುಂಪಿಗೆ ಆಮೇಲೆ ಮೂರ್ತಿಗಳು ಹಾಕಿದ ಫೋಟೋ ಗಂಟಲಲ್ಲಿ ನಿಂತಿತು. ಬೆತ್ತದ ಕುರ್ಚಿಯಲ್ಲಿ ಒಬ್ಬ ಹುಡುಗ ಕೂತಿದ್ದ. ಮೂರ್ತಿಗಳ ಆಫೀಸಿನ ಹೊಸಬ, ನಿಖಿಲ್ ಅಂತೆ. ಕೆಳಗೆ ಬರೆದಿದ್ದರು: 'ನಮ್ಮ ಲಕ್ಕಿ ಮ್ಯಾನ್.' ಮಾರ್ಸೆಲ್ ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಿಸಿದ. ಗ್ರೇಸಿ ಹೋದ ದಿನ ಹೇಗೋ ತಡೆದುಕೊಂಡಿದ್ದ ಅಳು ಆವತ್ತು ಬಾತ್‌ರೂಮಿನಲ್ಲಿ ಬಂತು.

ಲೀಗಿನ ಕೊನೆಯ ಶನಿವಾರ ಬಂತು. ಡ್ರಾ ಆದರೂ ಸಾಕು, ಗ್ರೂನ್‌ಹಾಫೆನ್ ಉಳಿಯುತ್ತದೆ. ಸೋತರೆ ಇಳಿಯುತ್ತದೆ. ಮಾರ್ಸೆಲ್ ಆವತ್ತು ಕ್ರೀಕಿಗೆ ಹೋಗಲಿಲ್ಲ. ರೂಮಿನಲ್ಲಿ ಹಾಸಿಗೆಯ ಮೇಲೆ ಕೂತು, ಇಷ್ಟು ತಿಂಗಳ ಮೇಲೆ ಮೊದಲ ಸಲ ಫೋನಿನಲ್ಲಿ ಆಟ ಹಚ್ಚಿದ. ಒಂದು ಒಂದು, ಸಮ. ಕೊನೆಯ ಹತ್ತು ನಿಮಿಷ. ತಾನಿಲ್ಲದೆ ಉಳಿದುಬಿಟ್ಟರೆ ಮುಂದಿನ ವರ್ಷವೂ ತನಗೆ ಆ ಬಾಗಿಲು ಮುಚ್ಚಿಯೇ ಇರುತ್ತದೆ ಎಂಬುದು ಅವನಿಗೆ ಹೊಳೆಯಿತು. ತಾನಿಲ್ಲದೆಯೂ ಸೋತರೆ ತನ್ನ ತಪ್ಪಿಲ್ಲವೆಂದು ಸಾಬೀತಾಗುತ್ತದೆ. ಅವನ ಕೈ ತಾನಾಗಿ ಕೊರಳಿನ ಶಿಲುಬೆಯನ್ನು ಹಿಡಿಯಿತು.

ಎದುರಿನವರಿಗೆ ಕಾರ್ನರ್ ಸಿಕ್ಕಿತು. ಚೆಂಡು ಮೇಲೆ ಬಂತು, ತಲೆಗೆ ತಾಗಿತು, ಬಲೆಯೊಳಗೆ ಹೋಯಿತು.

"ಗೋಲ್!" ಎಂದು ಮಾರ್ಸೆಲ್ ಎದ್ದು ನಿಂತು ಕೂಗಿದ.

ಪಕ್ಕದ ಮಂಚದ ಮಲಯಾಳಿ ಬೆಚ್ಚಿಬಿದ್ದು ಎದ್ದ. "ನಿಮ್ಮ ಟೀಮಾ ಅಂಕಲ್? ಜೀತ್ ಗಯಾ?"

ಮಾರ್ಸೆಲ್ ಮೆಲ್ಲಗೆ ಹಾಸಿಗೆಯ ಮೇಲೆ ಕೂತ. ಪರದೆಯ ಮೇಲೆ ಗ್ರೂನ್‌ಹಾಫೆನ್‌ನ ಹಸಿರು ಅಂಗಿಯ ಆಟಗಾರರು ಹುಲ್ಲಿನ ಮೇಲೆ ಬಿದ್ದಿದ್ದರು. ಹಿಂದೆ ಜನ ಹಾಡುತ್ತಿದ್ದರು, ಅದೇ ಹಾಡು.

ಟೀಮು ಸೋತು ಆಟ ಮುಗಿಯಿತು. ಆದರೂ ಅವನು ಅಂಗಿ ಹಾಕಿಕೊಂಡು ಅಹ್ಮದ್‌ನ ಮನೆಗೆ ಹೊರಟ. ಕಾಲು ಆ ದಾರಿಯನ್ನು ಮರೆತಿರಲಿಲ್ಲ. ಬಾಗಿಲು ತೆರೆದವನು ಅಹ್ಮದ್, ಕಣ್ಣು ಕೆಂಪಾಗಿತ್ತು. ಮಾರ್ಸೆಲ್‌ನನ್ನು ಕಂಡದ್ದೇ ತಬ್ಬಿಕೊಂಡು ಮಗುವಿನ ಹಾಗೆ ಅತ್ತ.

"ಖಲಾಸ್, ಎಲ್ಲ ಹೋಯ್ತು! ನಾವು ಎಂತ ಕೆಲಸ ಮಾಡಿದ್ದು ಮಾರಾಯ! ಮನೆಯ ಯಜಮಾನನನ್ನೇ ಹೊರಗೆ ನಿಲ್ಸಿದ್ವಲ್ಲ. ನೀನು ಇಲ್ಲಿ ಇದ್ದಿದ್ರೆ ಉಳೀತಿತ್ತು. ನೀನು ಒಬ್ಬ ಮನಸಾರೆ ಬೇಡ್ಕೊಂಡಿದ್ರೆ ಉಳೀತಿತ್ತು."

ಮಾರ್ಸೆಲ್ ಅಹ್ಮದ್‌ನ ಭುಜಕ್ಕೆ ಮುಖ ಒತ್ತಿದ. ಬೇಡಿಕೊಂಡಿದ್ದೆ ಎಂದು ಹೇಳುವುದು ಹೇಗೆ? ಏನು ಬೇಡಿಕೊಂಡಿದ್ದೆ ಎಂದು ಹೇಳುವುದು ಹೇಗೆ? ಅವನೂ ಅತ್ತ. ಕ್ಲಬ್ಬಿಗಾಗಿ ಅಳುತ್ತಿದ್ದಾನೆಂದು ಮೂರ್ತಿಗಳು ಬೆನ್ನು ಸವರಿದರು.

"ಸಮಾಧಾನ ಮಾಡ್ಕೊಳ್ಳಿ ಸಾರ್. ಮುಂದಿನ ಶನಿವಾರ ಕಪ್ ಫೈನಲ್ ಇದ್ಯಲ್ಲ. ನೀವಿಲ್ಲದೆ ಟಿವಿ ಹಾಕೋಲ್ಲ, ಆಯ್ತಾ? ನಮ್ದು ತಪ್ಪಾಯ್ತು."

ನಿಖಿಲ್ ಬೆತ್ತದ ಕುರ್ಚಿಯಿಂದ ಎದ್ದು ನಿಂತ. "ಪ್ಲೀಸ್ ಸಿಟ್, ಅಂಕಲ್. ನೀವೇ ಈ ಟೀಮ್ ತಂದಿದ್ದು ಅಂತ ಈಗ ಹೇಳಿದ್ರು."

ಬೇಕಾದದ್ದೆಲ್ಲ ಎದುರಿಗಿತ್ತು. ಆ ಕುರ್ಚಿಯಲ್ಲಿ ಕೂರಲು ಅವನು ಏನು ಮಾಡಿದ್ದ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

"ಇಲ್ಲ," ಎಂದ ಮಾರ್ಸೆಲ್. "ಫೈನಲಿಗೆ ನಾನು ಬರುವುದಿಲ್ಲ."

"ಇನ್ನೂ ಸಿಟ್ಟುಂಟಾ ನಮ್ಮ ಮೇಲೆ?" ಅಹ್ಮದ್ ಅವನ ಕೈ ಹಿಡಿದುಕೊಂಡ.

"ಸಿಟ್ಟಲ್ಲ ಅಹ್ಮದ್. ನೀವು ಹೇಳಿದ್ದು ಸರಿಯೇ ಇತ್ತು. ನನ್ನ ಕಾಲ್ಗುಣ ಒಳ್ಳೆಯದಲ್ಲ."

ಮೂರ್ತಿಗಳು ಜೋರಾಗಿ ನಕ್ಕರು. ಅಹ್ಮದ್ ಕಣ್ಣೊರೆಸಿಕೊಳ್ಳುತ್ತ ನಕ್ಕ, ಒಳಗಿನಿಂದ ಸಾಲಿಹಾ ಕೂಡ ನಕ್ಕಳು. ಆ ಸಂಜೆ ಆ ಮನೆಯಲ್ಲಿ ಮೊದಲ ಸಲ ನಗು ಬಂದಿತ್ತು, ಹಳೆಯ ಮಾರ್ಸೆಲ್ ವಾಪಸು ಬಂದನೆಂದೇ ಎಲ್ಲರೂ ತಿಳಿದರು. ಅವನು ಬಾಗಿಲ ಬಳಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದ.