ಉಂಗುರ ತೆಗೆದಿಡುವ ರಾಕ್ಷಸ

ನಾನು ಒಂದು ಕಥೆಯ ಪುಸ್ತಕ. ಹುಟ್ಟಿದ್ದು ಗದಗಿನ ಸಣ್ಣದೊಂದು ಮುದ್ರಣಾಲಯದಲ್ಲಿ. ಸೀಸದ ಅಚ್ಚುಮೊಳೆಗಳ ತಣ್ಣನೆಯ ಸ್ಪರ್ಶ, ಮಸಿಯ ವಾಸನೆ, ಅಂಟಿನ ಹಸಿ, ಇವೇ ನನ್ನ ತೊಟ್ಟಿಲು. ನನ್ನನ್ನು ಬರೆದವರು ವಾಮನರಾಯರೆಂಬ ಚಿತ್ರಕಲೆಯ ಮೇಷ್ಟ್ರು. ಮಿತಭಾಷಿ. ಬಾಲ್ಯದ ಪ್ರಸ್ತಾಪ ಬಂದರೆ ಕನ್ನಡಕ ಒರೆಸತೊಡಗುವರು.

ನನ್ನೊಳಗೊಬ್ಬ ರಾಕ್ಷಸನಿದ್ದ. ಹೊರಗೆ ಊರಿಗೆಲ್ಲ ಬೇಕಾದ ಸಜ್ಜನ. ಮನೆಯ ಬಾಗಿಲು ಮುಚ್ಚಿದೊಡನೆ ಅವನಿಗೆ ಕೋರೆಹಲ್ಲು ಮೂಡುತ್ತಿದ್ದವು. ಆ ಮನೆಯಲ್ಲಿ ಬೆಳೆಯುತ್ತಿದ್ದ ಚಿಗರಿ ಎಂಬ ತಬ್ಬಲಿ ಹುಡುಗಿಯನ್ನು ಹೊಡೆಯುವ ಮುನ್ನ ಅವನು ಬೆರಳಿನ ಉಂಗುರವನ್ನು ತೆಗೆದು, ಗೋಡೆಯ ಗೂಡಿನಲ್ಲಿ ಮೆಲ್ಲಗೆ ಇಡುತ್ತಿದ್ದ.

ಮೊಳೆ ಜೋಡಿಸುವ ಈರಪ್ಪನಿಗೆ ಈ ಸಾಲು ರುಚಿಸಲಿಲ್ಲ.

“ಮಾಸ್ತರ, ರಾಕ್ಷಸ ಅಂದ್ರ ಗುಡ್ಡಾ ಕಿತ್ತು ಒಗೀಬೇಕ್ರೀ. ಉಂಗುರ ತಗದಿಟ್ಟು ಹೊಡೀತಾನಂದ್ರ ಇಂವಾ ಎಂಥಾ ರಾಕ್ಷಸ? ಮದುವಿ ಮನ್ಯಾಗ ಕೈ ತೊಳಿಯಾಕ ನಿಂತ ಬೀಗರಂಗ ಆತು!”

ಮೇಷ್ಟ್ರು ನಗಲಿಲ್ಲ. “ಉಂಗುರ ಇದ್ರ ಗಾಯ ಆಗ್ತದ, ಈರಪ್ಪ. ಗಾಯ ಮಂದಿಗೆ ಕಾಣಸ್ತದ,” ಎಂದರು.

ಈರಪ್ಪ ಅವರ ಮುಖವನ್ನು ಒಮ್ಮೆ ನೋಡಿ, ಮೊಳೆಗಳತ್ತ ಬಾಗಿದ. ಹೆಸರು ಹಿಡಿದು ಹೇಳಲಾಗದ ಯಾರನ್ನೋ ಮೇಷ್ಟ್ರು ಕೋರೆಹಲ್ಲು ಕೊಟ್ಟು ನನ್ನೊಳಗೆ ಕೂರಿಸಿದ್ದರು.

ಕೆಲವು ಕೈಗಳನ್ನು ದಾಟಿ ಬೆಟಗೇರಿಯ ನೇಕಾರರ ಓಣಿಯ ವಾಚನಾಲಯಕ್ಕೆ ಬಂದೆ. ಅದನ್ನು ನೋಡಿಕೊಳ್ಳುತ್ತಿದ್ದವಳು ಅನಸೂಯಕ್ಕ. ಮಕ್ಕಳ ಪ್ರೀತಿಗೆ ನನ್ನ ಹೊಲಿಗೆ ಬಿಚ್ಚಿತು. ಬೈಂಡಿಂಗಿಗೆ ಹೋಗಿ ಬಂದಾಗ ನೋಡಿದರೆ, ರಟ್ಟು ಕಟ್ಟುವ ಪುಣ್ಯಾತ್ಮ ನನ್ನ ಕೊನೆಯ ಪುಟಗಳನ್ನು ಕಳೆದು, ಅವುಗಳ ಜಾಗದಲ್ಲಿ ಯಾವುದೋ ಅಡುಗೆ ಪುಸ್ತಕದ ಹಾಳೆಗಳನ್ನು ಸೇರಿಸಿ ಹೊಲಿದಿದ್ದ! ರಾಕ್ಷಸ ಕೈ ಎತ್ತಿದ, ಪುಟ ತಿರುವಿದರೆ, “ಸಾಸಿವೆ ಸಿಡಿದ ಮೇಲೆ ಕರಿಬೇವು ಹಾಕಿರಿ.”

ಅನಸೂಯಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದಿನಿಂದ ಒಂದು ಪದ್ಧತಿಯೇ ಆಯಿತು: ನನ್ನನ್ನು ಓದಿ ಮರಳಿಸುವವರು ಶನಿವಾರ ಎಲ್ಲರೆದುರು ತಮ್ಮದೇ ಮುಕ್ತಾಯ ಹೇಳಬೇಕು.

“ಚಿಗರಿ ಮೆಣಸಿನಕಾಯಿ ಒಗ್ಗರಣಿ ಹಾಕಿದ್ಲರೀ, ರಾಕ್ಷಸ ಸೀನಿ ಸೀನಿ ಸತ್ತ!” ಎಂದು ತುಂಟ ಬಾಸು ಹೇಳಿದ ದಿನ ಇಡೀ ವಾಚನಾಲಯವೇ ಸೀನಿತು.

ಒಂದು ಶನಿವಾರ ಕಸ್ತೂರಿಯ ಸರದಿ. ಅಪ್ಪ ತೀರಿಕೊಂಡ ಮೇಲೆ ಅವಳು ತಾಯಿಯೊಡನೆ ಅಪ್ಪನ ತಮ್ಮ ಕಾಕಾನ ಮನೆಯಲ್ಲಿದ್ದಳು. ಕಾಕಾ ದಾನಿ. ವಾಚನಾಲಯದ ಫ್ಯಾನು ಅವನದೇ ಕೊಡುಗೆ. ಮೂರೂ ರೆಕ್ಕೆಗಳ ಮೇಲೆ ಅವನ ಹೆಸರು ನಮ್ಮೆಲ್ಲರ ನೆತ್ತಿಯ ಮೇಲೆ ತಿರುಗುತ್ತಿತ್ತು.

ಕಸ್ತೂರಿ ನನ್ನನ್ನು ಎದೆಗವಚಿ ನಿಂತಳು. ಅವಳ ಎದೆ ಬಡಿಯುವುದು ನನ್ನ ರಟ್ಟಿಗೆ ತಿಳಿಯುತ್ತಿತ್ತು.

“ಚಿಗರಿ ಯಾರ ಮುಂದೂ ಹೇಳೂದಿಲ್ರೀ. ಹೇಳಿದ್ರ ಅಂವಾ ಅವ್ವನ್ನ ಹೊರಗ ಹಾಕ್ತಾನ.”

“ಏ ಹುಚ್ಚಿ, ಚಿಗರಿಗೆ ಅವ್ವ ಎಲ್ಲಿ ಅದಾಳ?” ಎಂದು ಬಾಸು ಕೂಗಿದ. “ಮೊದಲನೇ ಪಾಠದಾಗ ಸತ್ತಾಳಲ್ಲ! ಕಥಿ ಕೆಡಿಸಬ್ಯಾಡ.”

“ಬಾಸೂ, ಸುಮ್ನ ಕೂಡೋ. ಆಕಿ ಕಥಿ ಆಕಿ ಹೇಳ್ತಾಳ,” ಎಂದಳು ಅನಸೂಯಕ್ಕ. ಕಥೆಯಲ್ಲಿಲ್ಲದ ತಾಯಿ ಎಲ್ಲಿಂದ ಬಂದಳೆಂದು ಅವಳ ಕಣ್ಣು ಹುಡುಕುತ್ತಿತ್ತು.

ಮಕ್ಕಳೆಲ್ಲ ಹೋದ ಮೇಲೆ ಕಸ್ತೂರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ನನ್ನನ್ನು ಅವಳ ತೊಡೆಯ ಮೇಲಿಟ್ಟಳು.

“ಆ ರಾಕ್ಷಸ ಉಂಗುರಾನ ತಗದಿಡ್ತಾನೇನವಾ?”

ಕಸ್ತೂರಿ ತಲೆಯೆತ್ತಿ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು.

“ಉಂಗುರ ಅಲ್ರೀ, ಅಕ್ಕಾರ. ವಾಚು.”

ಅನಸೂಯಕ್ಕ ಅವಳನ್ನು ಕೆದಕಲಿಲ್ಲ. “ನಾ ನಂಬ್ತೀನವಾ. ನಿಂದೇನೂ ತಪ್ಪಿಲ್ಲ,” ಎಂದಷ್ಟೇ ಹೇಳಿದಳು. ಆಮೇಲೆ ಎದ್ದು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು.

ವಿಚಾರಿಸಲು ಸಹಾಯವಾಣಿಯ ಇಬ್ಬರು ಹೆಣ್ಣುಮಕ್ಕಳು ಕಸ್ತೂರಿಯ ಮನೆಗೆ ಬಂದುಹೋದರು. ಕಾಕಾ ನಕ್ಕನಂತೆ: “ರಾಕ್ಷಸರ ಕಥಿ ಓದಿ ಓದಿ ಹುಡುಗಿ ತಲಿ ಕೆಟ್ಟೈತಿ.” ಓಣಿ ತಲೆಯಾಡಿಸಿತು. ಕಂಡ ಗಾಯವಿಲ್ಲ, ಕಾಣುವುದಕ್ಕೆ ಅವನು ಕೊಟ್ಟ ಫ್ಯಾನಿದೆ. ಇನ್ನು ತಾಯಿಯೂ ನಂಬದಿದ್ದರೆ ಆ ಮಗುವಿಗೆ ಅದೇ ಮನೆ, ಅದೇ ಗೂಡು.

ಮರುದಿನ ತಾಯಿ ಶಾಂತವ್ವ ಮಗ್ಗ ಬಿಟ್ಟು ಓಡಿಬಂದಳು. “ಏನ್ ಓದಿಸೀರಿ ನನ್ನ ಮಗಳಿಗೆ? ಅನ್ನಾ ಹಾಕೋ ಮನಿಗೆ ಬೆಂಕಿ ಹಚ್ಚಾಕ ಹತ್ತೀರಲ್ಲ!”

ಅನಸೂಯಕ್ಕ ವಾದಿಸಲಿಲ್ಲ. “ಇದನ್ನ ಓದ್ಯಾಳವಾ. ನೀನೂ ಓದು,” ಎಂದು ನನ್ನನ್ನು ಅವಳ ಕೈಗಿತ್ತಳು.

ಶಾಂತವ್ವ ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿದಳು. ನೂಲು ಎಳೆದು ಎಳೆದು ಒರಟಾದ ಬೆರಳು. ಅದು ಉಂಗುರದ ಸಾಲಿನವರೆಗೆ ಬಂದಿತು. ಅಲ್ಲಿಂದ ಮುಂದೆ ಸರಿಯಲಿಲ್ಲ.

“ಮಗ್ಗದ ಮನಿಯಿಂದ ಬಂದಾಗೆಲ್ಲ ಗೂಡಿನ್ಯಾಗ ವಾಚು ನೋಡೀನ್ರೀ,” ಎಂದಳು ಕಡೆಗೆ. “ಕೈಕಾಲು ತೊಳಿಯಾಕ ತಗದಿಟ್ಟಾನ ಅಂದ್ಕೊಂಡೆ. ಎಷ್ಟೋ ಸಲ ನಾನ ಒರಸಿ ಇಟ್ಟೀನಿ.”

ಆ ಪುಟದ ಮೇಲೆ ಬಿದ್ದ ಹನಿಗಳಿಂದ ಕಾಗದ ಮುದುಡಿದೆ. ಇಂದಿಗೂ ಅದು ಸಮವಾಗಿಲ್ಲ.

ಅಂದು ಶಾಂತವ್ವ ಶಾಲೆಯಿಂದಲೇ ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಹೋದಳು. ಸಹಾಯವಾಣಿಯವರೆದುರು ತಾನೇ ಬಾಯಿಬಿಟ್ಟು ಹೇಳಿದಳು. ಕಾಕಾನ ಮೇಲೆ ದೂರು ದಾಖಲಾಯಿತು. ಅನಸೂಯಕ್ಕ ಫ್ಯಾನಿಗೆ ಹೊಸ ಬಣ್ಣ ಹೊಡೆಸಿದಳು. ಗಾಳಿ ಮೊದಲಿನಷ್ಟೇ ಬರುತ್ತಿತ್ತು.

ಈಗ ನಾನು ಕೆಳಗಿನ ಕಪಾಟಿನ ಮೂಲೆಯಲ್ಲಿದ್ದೇನೆ. ಬೆನ್ನು ಸಡಿಲಾಗಿದೆ, ಅಂಚು ಹಳದಿಯಾಗಿದೆ. ದೊಡ್ಡವರು ನನ್ನನ್ನೆತ್ತಿ, “ಕಟ್ಟುಕಥೆ” ಎಂದು ಧೂಳು ಕೊಡವಿ ಇಟ್ಟುಬಿಡುತ್ತಾರೆ. ಬೇಸರವಿಲ್ಲ. ತೊಡಲು ಬಟ್ಟೆಯಿಲ್ಲದ ನಿಜವೊಂದು ಚಳಿಯಲ್ಲಿ ನಡುಗುತ್ತ ಬಂದಿತ್ತು. ನನ್ನದೊಂದು ಅಂಗಿಯನ್ನು ಅದಕ್ಕೆ ಎರವಲು ಕೊಟ್ಟೆ. ನಾನು ಮಾಡಿದ್ದು ಅಷ್ಟೇ.

ಮುಪ್ಪಿನಲ್ಲಿ ಮತ್ತೆ ಮತ್ತೆ ನೆನಪಾಗುವ ಮಧ್ಯಾಹ್ನ ಒಂದಿದೆ. ಚಿಕ್ಕಮ್ಮನ ಊರಿನಿಂದ ತಾಯಿಯೊಡನೆ ಬಂದಿದ್ದ ಕಸ್ತೂರಿ ನನ್ನನ್ನು ಹುಡುಕಿ ತೆಗೆದಳು. ಉಂಗುರದ ಪುಟವನ್ನು ದಾಟಿ, ತಾನು ಎಂದೂ ನಿಂತು ನೋಡದಿದ್ದ ಪುಟವೊಂದನ್ನು ತೆರೆದಳು. ಅಲ್ಲಿ ಚಿಗರಿ ತನಗೆ ತಾನೇ ಹೇಳಿಕೊಳ್ಳುವ ಕಥೆಯಲ್ಲೊಂದು ಕತ್ತೆ, ಅರಮನೆಯಲ್ಲಿ ಹಾಡಲು ಹೋಗಿ, ರಾಜನ ಪೇಟವನ್ನು ಹುಲ್ಲೆಂದು ತಿನ್ನುತ್ತದೆ.

“ಅಕ್ಕಾರ, ಇದು ಮೊದಲಿಂದಾನೂ ಇತ್ತೇನ್ರೀ?”

“ಇತ್ತಲ್ಲವಾ.”

ಕಸ್ತೂರಿ ನಕ್ಕಳು. “ಸದ್ದು ಮಾಡಬಾರದು” ಎಂಬ ಫಲಕದ ಕೆಳಗೇ ಕೂತು, ಹೊಟ್ಟೆ ಹಿಡಿದುಕೊಂಡು, ಬಿಕ್ಕಳಿಕೆ ಬರುವಷ್ಟು ನಕ್ಕಳು. ಅನಸೂಯಕ್ಕ ತಲೆ ಎತ್ತಲಿಲ್ಲ. ನೀರಿನ ಲೋಟವನ್ನಷ್ಟೇ ಅವಳತ್ತ ಸರಿಸಿದಳು.