ಹನ್ನೊಂದನೇ ಪುಟ

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಜೈಲಿನ ಪಾರ್ಸೆಲ್ ಕಿಟಕಿ ತೆರೆಯುವಷ್ಟರಲ್ಲಿ ಹೊರಗಿನ ಸಾಲು ಗೇಟು ದಾಟಿ ರಸ್ತೆಯವರೆಗೂ ಬೆಳೆದಿರುತ್ತಿತ್ತು. ಹೆಚ್ಚಿನವರು ಹೆಂಗಸರು. ತಲೆಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡು, ಹಿಮದಲ್ಲಿ ಕಾಲು ಬದಲಿಸುತ್ತಾ, ಚೀಲಗಳನ್ನು ಎದೆಗೆ ಅವಚಿ ನಿಂತಿರುತ್ತಿದ್ದರು. ಕನಿಶಾಯ್ ಹದಿನೆಂಟು ವರ್ಷಗಳಿಂದ ಆ ಕಿಟಕಿಯ ಒಳಗೆ ಕೂತವಳು. ರೊಟ್ಟಿ ಬಂದರೆ ಅಡ್ಡಡ್ಡ ಸೀಳಿ ನೋಡಬೇಕು, ಸಕ್ಕರೆಗೆ ಕಬ್ಬಿಣದ ಕಡ್ಡಿ ಚುಚ್ಚಿ ನೋಡಬೇಕು, ಕಾಲುಚೀಲವನ್ನು ಒಳಹೊರಗೆ ಮಾಡಬೇಕು. ಒಣಮೊಸರಿನ ಉಂಡೆಗಳನ್ನೂ ಒಂದೆರಡು ಒಡೆಯಬೇಕು. ಮಿಕ್ಕ ದಿನಗಳಲ್ಲಿ ಕೈದಿಗಳ ಪತ್ರಗಳನ್ನು ಓದಿ ಮೊಹರು ಒತ್ತುವ ಕೆಲಸವೂ ಅವಳದೇ.

ನವೆಂಬರ್ ತಿಂಗಳ ಆ ಗುರುವಾರ ಬುರುಲ್ಚಾ ಬಂದಾಗ ಕನಿಶಾಯ್‌ಗೆ ಅವಳ ಮುಖ ಪರಿಚಯವಿತ್ತು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ನಲವತ್ತರ ಹೆಂಗಸು. ಅವಳ ತಮ್ಮ ತಾಲಾಯ್ ಒಂದು ಮದುವೆಯ ಊಟದಲ್ಲಿ ಕುಡಿದು ಜಗಳವಾಡಿ ಒಬ್ಬನ ತಲೆ ಒಡೆದು, ಐದು ವರ್ಷಕ್ಕೆ ಒಳಗೆ ಬಂದಿದ್ದ. ಬಂದ ಎರಡನೇ ವರ್ಷಕ್ಕೆ ಕ್ಷಯ ಹಿಡಿದು ಈಗ ರೋಗಿಗಳ ವಾರ್ಡಿನಲ್ಲಿದ್ದ.

ರೊಟ್ಟಿ, ಚಹಾಪುಡಿ, ತನ್ನ ಹಿತ್ತಲಿನ ಸೇಬು ಎಲ್ಲ ದಾಟಿದ ಮೇಲೆ ಬುರುಲ್ಚಾ ಕೋಟಿನ ಒಳಜೇಬಿನಿಂದ ತೆಳ್ಳಗಿನ ಒಂದು ಪುಸ್ತಕ ತೆಗೆದಳು. ಸಾಲಿನವರೆಲ್ಲ ಕನಿಶಾಯ್‌ಳನ್ನು 'ಎಜೆ', ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಎಜೆ, ಇದನ್ನೂ ತಮ್ಮಂಗೆ ಕೊಡಬೇಕಿತ್ತು. ಅವನು ತಗೋತಿರೋ ಮಾತ್ರೆ ಬಗ್ಗೆ ಇದೆ. ಆಸ್ಪತ್ರೇಲಿ ಎಲ್ಲರಿಗೂ ಪುಕ್ಕಟೆ ಕೊಡ್ತಾರೆ."

"ಪುಸ್ತಕ ಆಗಲ್ಲ, ತಂಗಿ."

"ಪುಸ್ತಕ ಅಂದ್ರೆ ಅಂಥ ಪುಸ್ತಕ ಅಲ್ಲ, ಇಪ್ಪತ್ನಾಲ್ಕು ಪುಟ ಅಷ್ಟೇ. ನೀವೇ ತಿರುವಿ ನೋಡಿ."

"ನಾನು ನೋಡಿದ್ರೆ ಸಾಲ್ದು. ಮೇಜರ್ ಒಪ್ಪಿಗೆ ಇಲ್ಲದೆ ಒಂದು ಹಾಳೇನೂ ಒಳಗೆ ಹೋಗಲ್ಲ."

"ಒಳಗೆ ಇರೋ ಕಾಂಪೌಂಡರ್ ಮಾತ್ರೆ ಅಂಗೈಗೆ ಸುರಿದು ಹೋಗ್ತಾನಂತೆ, ಎಜೆ. ಕೇಳಿದ್ರೆ 'ನುಂಗು, ಬಾಯಿ ಮುಚ್ಚು' ಅಂತಾನಂತೆ. ಇದ್ರಲ್ಲಿ ಏನೇನು ಜೋಪಾನ ಮಾಡ್ಬೇಕು ಅಂತ ಬರೆದಿದ್ದಾರೆ. ಓದೋದು ಬರುತ್ತೆ ನನ್ನ ತಮ್ಮಂಗೆ, ಹತ್ತನೇ ಕ್ಲಾಸು ಪಾಸಾದವನು."

ಹಿಂದಿನಿಂದ ಯಾರೋ ಗೊಣಗಿದರು: "ಏನಮ್ಮಾ, ಇಲ್ಲೇ ಪಾಠ ಶುರು ಮಾಡ್ಕೊಂಡ್ಯಾ? ನಮ್ಮ ಕಾಲು ಮರಗಟ್ಟಿಹೋಯ್ತು!"

ಕನಿಶಾಯ್ ಕೆಟ್ಟವಳಲ್ಲ. ಆದರೆ ಅವಳ ಪಕ್ಕದ ಕುರ್ಚಿ ಎರಡು ವರ್ಷದಿಂದ ಖಾಲಿ ಇತ್ತು. ಅಲ್ಲಿ ಕೂರುತ್ತಿದ್ದ ಗೆಳತಿ ಯಾರದೋ ಗೋಳಿಗೆ ಕರಗಿ ಒಂದು ದಪ್ಪ ಪುಸ್ತಕ ಒಳಗೆ ಬಿಟ್ಟಿದ್ದಳು. ಅದರ ಹಾಳೆಗಳಿಗೆ ಅಮಲಿನ ದ್ರವ ಹೀರಿಸಿ ಒಣಗಿಸಿದ್ದರಂತೆ. ಅದನ್ನು ಜಗಿದ ಕೈದಿಯೊಬ್ಬ ಸತ್ತ. ಗೆಳತಿಯ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಅಂದಿನಿಂದ ಕನಿಶಾಯ್‌ಗೆ ಅಚ್ಚಾದ ಕಾಗದ ಕಂಡರೆ ಕೈ ಹಿಂದೆ ಸರಿಯುತ್ತಿತ್ತು.

"ಇಲ್ಲೇ ಇಟ್ಟು ಹೋಗು. ಒಪ್ಪಿಗೆ ಸಿಕ್ಕಿದ್ರೆ ಕಳಿಸ್ತೀನಿ," ಎಂದು ಪುಸ್ತಕವನ್ನು ಹಿಂದಿನ ಕಪಾಟಿನಲ್ಲಿ, ಒಳಗೆ ಬಿಡದ ಸಾಮಾನುಗಳ ನಡುವೆ ಇಟ್ಟಳು. ಒಪ್ಪಿಗೆ ಕೇಳಲೇ ಇಲ್ಲ. ಕೇಳಬಾರದೆಂದಲ್ಲ, ಆ ವಾರ ಮೇಜರ್ ಊರಲ್ಲಿರಲಿಲ್ಲ, ಮುಂದಿನ ವಾರ ತಪಾಸಣೆ ಇತ್ತು, ಆಮೇಲೆ ಮರೆತೇ ಹೋಯಿತು. ಬುರುಲ್ಚಾ ಡಿಸೆಂಬರಿನಲ್ಲಿ ಎರಡು ಸಲ ಕೇಳಿದಳು. ಎರಡು ಸಲವೂ ಕನಿಶಾಯ್ "ಇನ್ನೂ ಬಂದಿಲ್ಲ" ಎಂದಳು.

ಜನವರಿಯ ಕೊನೆಯಲ್ಲಿ ತಾಲಾಯ್ ಅಕ್ಕನಿಗೆ ಬರೆದ ಪತ್ರ ಅವಳ ಮೇಜಿಗೆ ಬಂತು. ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಓಡಾಡಿದ್ದವು. ಕೆಮ್ಮು ಕಡಿಮೆಯಾಗಿದೆ, ತೂಕ ಎರಡು ಕಿಲೋ ಏರಿದೆ ಎಂದೆಲ್ಲ ಬರೆದು ಕೊನೆಗೆ ಹೀಗೆ ಸೇರಿಸಿದ್ದ: "ಇಲ್ಲಿ ಬಲ್ಬು ಬಹಳ ಮಂಕು. ನೀನು ಕಳಿಸಿದ ಸೇಬುಗಳಲ್ಲಿ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗಲಿಲ್ಲ. ಎಲ್ಲ ಮಣ್ಣಿನ ಬಣ್ಣ. ಕಚ್ಚಿ ನೋಡಿಯೇ ಹುಳಿಯೋ ಸಿಹಿಯೋ ಹೇಳಬೇಕು. ನಮ್ಮ ವಾರ್ಡಿನ ಸಗಿನ್ ನನ್ನನ್ನು ನೋಡಿ ನಗುತ್ತಾನೆ."

ಪತ್ರದಲ್ಲಿ ಆಕ್ಷೇಪಿಸುವಂಥದ್ದೇನೂ ಇರಲಿಲ್ಲ. ಕನಿಶಾಯ್ ಮೊಹರು ಒತ್ತಿ ಪಕ್ಕಕ್ಕಿಟ್ಟಳು. ಆ ವಾರದ ಪತ್ರಗಳೆಲ್ಲ ಅಂಚೆಚೀಲದಲ್ಲಿ ಹದಿನೈದು ದಿನ ಕೊಳೆತು ಆಮೇಲೆ ಹೊರಟವು.

ಮಾರ್ಚ್ ತಿಂಗಳಲ್ಲಿ, ಹೊಸ ವರ್ಷದ ಹಬ್ಬಕ್ಕೆ ಮೂರು ದಿನ ಇರುವಾಗ, ಬುರುಲ್ಚಾ ಚೀಲವಿಲ್ಲದೆ ಬಂದಳು. ಸಾಲಿನಲ್ಲಿ ನಿಂತು, ಸರದಿ ಬಂದಾಗ ಕಿಟಕಿಯ ಕಟ್ಟೆಯ ಮೇಲೆ ಎರಡೂ ಕೈಗಳನ್ನಿಟ್ಟಳು.

"ಎಜೆ, ಆ ಪುಸ್ತಕ ಇನ್ನೂ ಇದೆಯಾ?"

ಕನಿಶಾಯ್ ತಿರುಗಿ ನೋಡಿದಳು. ಒಂಟಿ ಕೈಗವಸು, ಒಡೆದ ಕನ್ನಡಿ, ಅದರ ಕೆಳಗೆ ಪುಸ್ತಕ. "ಇದೆ. ವಾಪಸ್ ಬೇಕಾ?"

"ನಿನ್ನೆ ಭೇಟಿಗೆ ಬಿಟ್ರು. ಗಾಜಿನ ಆಚೆ ಕೂತಿದ್ದ. ನಾನು ಕೈ ಬೀಸಿದೆ, ಸುಮ್ಮನೇ ಕೂತಿದ್ದ. ಫೋನು ಎತ್ಕೊಳ್ಳೋಕೆ ತಡಕಾಡಿದ." ಬುರುಲ್ಚಾಳ ದನಿ ಏರಲಿಲ್ಲ. "ಬೆಳಕು ಇದೆಯೋ ಇಲ್ವೋ ಅಷ್ಟು ಗೊತ್ತಾಗುತ್ತಂತೆ. ಇನ್ನೇನೂ ಕಾಣಲ್ವಂತೆ. ಕೆಮ್ಮು ಮಾತ್ರ ಪೂರ್ತಿ ವಾಸಿಯಾಗಿದೆ."

ಕನಿಶಾಯ್ ಪುಸ್ತಕ ತೆಗೆದು ಕಿಟಕಿಯಲ್ಲಿಟ್ಟಳು. ಬುರುಲ್ಚಾ ಅದನ್ನು ಮುಟ್ಟಲಿಲ್ಲ.

"ಬೇಡ, ಎಜೆ. ಇನ್ನು ಅವನು ಓದೋ ಹಾಗಿಲ್ಲ. ನೀವಾದ್ರೂ ಓದಿ."

ಅಂದು ಊಟದ ವಿರಾಮದಲ್ಲಿ ಕನಿಶಾಯ್ ಓದಿದಳು. ಹನ್ನೊಂದನೇ ಪುಟದಲ್ಲಿ ಚೌಕಟ್ಟು ಹಾಕಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದರು: "ಕಣ್ಣು ಮಂಜಾದರೆ, ಅಥವಾ ಕೆಂಪು ಮತ್ತು ಹಸಿರು ಒಂದೇ ಬಗೆ ಕಂಡರೆ, ಈ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರಿಗೆ ತಿಳಿಸಿ."

ಕೆಂಪು ಮತ್ತು ಹಸಿರು. ಸೇಬು. ಕಾಂಪೌಂಡರ್ ಆ ಪತ್ರ ಓದಿರಲಿಲ್ಲ. ಪತ್ರ ಬುರುಲ್ಚಾಳ ಕೈಗೆ ಬರುವ ಹೊತ್ತಿಗೆ ತಡವಾಗಿತ್ತು. ತಾಲಾಯ್ ಪುಸ್ತಕವನ್ನೇ ನೋಡಿರಲಿಲ್ಲ. ಇಡೀ ಜೈಲಿನಲ್ಲಿ ಎರಡೂ ಒಟ್ಟಿಗೆ ಇದ್ದದ್ದು ಒಂದೇ ಕಡೆ: ಅವಳ ಮೇಜಿನ ಮೇಲೆ ಪತ್ರ, ಅವಳ ಬೆನ್ನ ಹಿಂದೆ ಪುಸ್ತಕ. ನಡುವೆ ಒಂದು ಕೈ ಅಳತೆಯ ದೂರ.

ಅಲ್ಲಿಂದ ಅವಳ ಕಣ್ಣಿಗೆ ಬಣ್ಣಗಳ ಕಾಟ ಶುರುವಾಯಿತು. ಸಂತೆಯಲ್ಲಿ ದಪ್ಪಮೆಣಸಿನಕಾಯಿ ರಾಶಿಯ ಮುಂದೆ ನಿಂತು ಕೆಂಪು ಯಾವುದು, ಹಸಿರು ಯಾವುದು ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಒಂದು ಸಲ ಚೌಕದಲ್ಲಿ ಹಸಿರು ದೀಪ ಬಂದರೂ ರಸ್ತೆ ದಾಟದೆ ನಿಂತುಬಿಟ್ಟಳು. ಹಿಂದಿದ್ದ ಮುದುಕನೊಬ್ಬ "ಏನು ತಾಯಿ, ಕಣ್ಣು ಕಾಣಲ್ವಾ?" ಎಂದು ಬೈದು ಮುಂದೆ ಹೋದ. ಆ ಮಾತು ಮನೆಯವರೆಗೂ ಅವಳ ಹಿಂದೆಯೇ ಬಂತು. ಹಬ್ಬದ ದಿನ ಮಗಳು ಹೊಸ ಕೆಂಪು ತಲೆವಸ್ತ್ರ ಉಡುಗೊರೆ ಕೊಟ್ಟರೆ, ಕನಿಶಾಯ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು.

"ಬಣ್ಣ ಹಿಡಿಸಲಿಲ್ವಾ, ಅಪಾ?" ಅಮ್ಮನನ್ನು ಅಪಾ ಎನ್ನುತ್ತಿದ್ದ ಮಗಳು ಕೇಳಿದಳು.

"ಹಿಡಿಸ್ತು ಮಗಾ. ಚೆನ್ನಾಗಿ ಕಾಣಿಸ್ತಿದೆ," ಎಂದವಳೇ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಕೆಲಸದಲ್ಲೂ ಹಾಗೆಯೇ. ಯಾವ ಪತ್ರ ತೆರೆದರೂ ಅದರಲ್ಲಿ ಇನ್ನೊಂದು ಸೇಬು ಅಡಗಿದೆಯೇನೋ ಎಂದು ಹುಡುಕುತ್ತಿದ್ದಳು. ಕಪಾಟಿನಲ್ಲಿದ್ದ ಮಿಕ್ಕ ಪುಸ್ತಕಗಳನ್ನೂ ತೆಗೆದು ನೋಡಿದಳು. ಮೇಲ್ಮನವಿ ಸಲ್ಲಿಸುವುದು ಹೇಗೆಂದು ತಿಳಿಸುವ ಒಂದು ಕೈಪಿಡಿ. ಅದನ್ನು ಕಳಿಸಿದ ತಾಯಿ ಈಗ ಬರುತ್ತಿರಲಿಲ್ಲ. ಅಕ್ಷರ ಕಲಿಯುವ ಒಂದು ಪುಸ್ತಕ. ಕುದುರೆ ಸಾಕಣೆಯದ್ದೊಂದು. ಪ್ರತಿಯೊಂದರ ಮೇಲೂ ಒಬ್ಬೊಬ್ಬರ ಹೆಸರು ಅವಳದೇ ಕೈಬರಹದಲ್ಲಿತ್ತು. ಇವರಿಗೆಲ್ಲ ಏನಾಯಿತೆಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಹಬ್ಬ ಕಳೆದ ಮೇಲೆ ಅವಳು ಆ ಪುಸ್ತಕ ಹಿಡಿದು ಮೇಜರ್ ಅಕ್ಮತ್ ಅವರ ಕೋಣೆಗೆ ಹೋದಳು.

"ಸರ್, ಇದನ್ನ ವಾರ್ಡಿಗೆ ಕಳಿಸಬೇಕು. ಇನ್ನೂ ಹನ್ನೊಂದು ಜನ ಅದೇ ಮಾತ್ರೆ ತಿಂತಿದ್ದಾರೆ."

ಮೇಜರ್ ಪುಸ್ತಕ ನೋಡದೆಯೇ ಚಹಾ ಲೋಟ ಕೆಳಗಿಟ್ಟರು. "ಹಿಂದೆ ಆದದ್ದು ಮರೆತುಹೋಯ್ತಾ ನಿಂಗೆ? ಸತ್ತವನ ಅಪ್ಪ ಈ ಕೋಣೇಲಿ, ನೀನು ನಿಂತಿರೋ ಜಾಗದಲ್ಲೇ ನಿಂತು ನನ್ನ ಕೇಳ್ದ, 'ಪುಸ್ತಕ ಓದಿ ಯಾರಾದ್ರೂ ಸಾಯ್ತಾರಾ, ಸಾಹೇಬ್ರೆ' ಅಂತ. ನಾನೇನು ಹೇಳ್ಲಿ? ಆವತ್ತಿಂದ ನಿರ್ಧಾರ ಮಾಡ್ದೆ, ಕಾಗದ ಒಳಗೆ ಬೇಡ. ನನ್ನ ಹತ್ರ ಪರೀಕ್ಷೆ ಮಾಡೋ ಯಂತ್ರ ಇಲ್ಲ, ಜನ ಇಲ್ಲ. ಬೇಡ ಅನ್ನೋದು ಒಂದೇ ನನ್ನ ಕೈಲಿರೋದು."

"ತಾಲಾಯ್ ಓದದೇ ಇದ್ದದ್ದಕ್ಕೆ ಕಣ್ಣು ಕಳ್ಕೊಂಡ, ಸರ್."

"ಅದು ಕಾಂಪೌಂಡರ್ ತಪ್ಪು. ತಿಂಗಳಿಗೊಂದ್ಸಲ ಕಣ್ಣು ನೋಡ್ಬೇಕಿತ್ತು, ನೋಡದೇನೇ ಸಹಿ ಹಾಕಿದ್ದಾನೆ. ವಿಚಾರಣೆ ಆಗುತ್ತೆ."

"ಅವನ ಪತ್ರ ನಾನು ಓದಿದ್ದೆ. ಕೆಂಪು ಹಸಿರು ಗೊತ್ತಾಗ್ತಿಲ್ಲ ಅಂತ ಬರೆದಿದ್ದ. ಆಗ ಈ ಪುಸ್ತಕ ನನ್ನ ಬೆನ್ನ ಹಿಂದೇನೇ ಇತ್ತು."

ಮೇಜರ್ ಎದ್ದು ಬಾಗಿಲು ಮುಚ್ಚಿ ಬಂದರು. ದನಿ ತಗ್ಗಿಸಿ, "ಇದನ್ನ ಬೇರೆ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಪಿಂಚಣಿಗೆ ನಿಂಗೆ ಇನ್ನೆರಡು ವರ್ಷ ಇದೆ," ಎಂದರು. ಅದರಲ್ಲಿ ಬೆದರಿಕೆ ಇರಲಿಲ್ಲ, ಕಾಳಜಿಯೇ ಇತ್ತು. ಅದು ಅವಳಿಗೆ ಇನ್ನೂ ಕಷ್ಟವಾಯಿತು.

"ಕಾಗದ ಹೋಗಬಾರದು ತಾನೆ? ಹೋಗೋದು ಬೇಡ. ನಾನು ಹೋಗಿ ಓದಿ ಹೇಳಿ, ಪುಸ್ತಕ ವಾಪಸ್ ತರ್ತೀನಿ. ಅದಕ್ಕೆ ಯಾವ ನಿಯಮ ಅಡ್ಡ ಬರುತ್ತೆ?"

ಮೇಜರ್ ಪುಸ್ತಕ ಎತ್ತಿಕೊಂಡು ಮೊದಲ ಬಾರಿಗೆ ಒಂದೆರಡು ಹಾಳೆ ತಿರುವಿದರು. "ಅರ್ಧ ಗಂಟೆ," ಎಂದರು. "ಬಾಯಿಗೆ ಬಟ್ಟೆ ಕಟ್ಕೊಂಡು ಹೋಗು."

ವಾರ್ಡು ಉದ್ದನೆಯ ಕೋಣೆ. ಎರಡೂ ಬದಿಗೆ ಕಬ್ಬಿಣದ ಮಂಚಗಳು. ಹದಿನೆಂಟು ವರ್ಷದಲ್ಲಿ ಕನಿಶಾಯ್ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಈ ಗಂಡಸರ ರೊಟ್ಟಿ, ಕಾಲುಚೀಲ, ತಾಯಂದಿರ ಜಗಳ, ಹೆಂಡಂದಿರ ಮುನಿಸು ಎಲ್ಲ ಗೊತ್ತಿದ್ದವಳಿಗೆ ಒಬ್ಬನ ಮುಖವೂ ಗೊತ್ತಿರಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ಅಗಲ ಭುಜದ ಒಬ್ಬ ಗಂಡಸು ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ. ಯಾರೆಂದು ಯಾರೂ ಹೇಳಬೇಕಾಗಲಿಲ್ಲ.

ಅವಳು ಸ್ಟೂಲು ಎಳೆದುಕೊಂಡು ಕೂತು ಮೊದಲ ಪುಟದಿಂದ ಓದತೊಡಗಿದಳು. ಮೊದಮೊದಲು ಒಬ್ಬ ಆಕಳಿಸಿದ, ಇನ್ನೊಬ್ಬ "ಏನಪ್ಪಾ, ನಮಗೂ ಬಾಲವಾಡಿ ಶುರುವಾಯ್ತಾ?" ಎಂದು ನಗಿಸಿದ. ಹನ್ನೊಂದನೇ ಪುಟಕ್ಕೆ ಬರುವಾಗ ಅವಳು ನಿಲ್ಲಿಸಿದಳು. ನೀರು ಕೇಳಿ ಕುಡಿದು ಮತ್ತೆ ಓದಿದಳು. ಚೌಕಟ್ಟಿನೊಳಗಿನ ಸಾಲು ಮುಗಿದಾಗ ಯಾರೂ ನಗಲಿಲ್ಲ.

"ಒಂದು ವಾರದಿಂದ ನಂಗೂ ಇಸ್ಪೀಟೆಲೆ ಸರಿಯಾಗಿ ಕಾಣ್ತಿಲ್ಲ," ಎಂದು ಮೂಲೆಯಿಂದ ಒಬ್ಬ ಎಳೆಯ ಗಂಡಸು ನಿಧಾನವಾಗಿ ಹೇಳಿದ. ತಾಲಾಯ್ ಪತ್ರದಲ್ಲಿ ಹೇಳಿದ್ದ ಸಗಿನ್ ಅವನೇ. "ಹೊಗೆ ಜಾಸ್ತಿಯಾಯ್ತು ಅನ್ಕೊಂಡೆ. ಹೇಳಿದ್ರೆ ಇವರೆಲ್ಲ ನಗ್ತಾರೆ ಅಂತ ಸುಮ್ಮನಿದ್ದೆ."

ಕಿಟಕಿಯ ಕಡೆಯಿಂದ ತಾಲಾಯ್ ಮುಖ ತಿರುಗಿಸಿದ. ಅವನ ಕಣ್ಣು ಅವಳ ಭುಜದ ಆಚೆ ಎಲ್ಲೋ ನಿಂತಿತ್ತು.

"ನೀವು ಯಾರು, ಎಜೆ? ಹೊಸ ಡಾಕ್ಟರಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಾನು ಪಾರ್ಸೆಲ್ ಕಿಟಕೀಲಿ ಕೂರೋಳು. ನಿಮ್ಮಕ್ಕ ನವೆಂಬರಲ್ಲೇ ಈ ಪುಸ್ತಕ ತಂದಿದ್ರು. ನಾನು ಕೊಡಲಿಲ್ಲ. ಸೇಬಿನ ವಿಷಯ ಬರೆದಿದ್ದೀರಲ್ಲ, ಆ ಪತ್ರಾನೂ ನಾನೇ ಓದಿದ್ದೆ."

ಯಾರೋ ಕೆಮ್ಮಿದರು. ಯಾರೋ ಮಂಚದಿಂದ ಕಾಲು ಕೆಳಗಿಟ್ಟರು. ತಾಲಾಯ್ ಅಂಗೈಯಿಂದ ಮೊಣಕಾಲನ್ನು ಮೆಲ್ಲಗೆ ತಿಕ್ಕುತ್ತಾ ಕೂತಿದ್ದ. ಅವನು ಬೈಯುತ್ತಾನೆಂದು ಅವಳು ಕಾದಳು. ಬೈದರೆ ಹಗುರಾಗಬಹುದು ಎನಿಸಿತ್ತು. ಅವನು ಬೈಯಲಿಲ್ಲ.

"ಹೋದ ಕಣ್ಣು ವಾಪಸ್ ಬರುತ್ತಾ ಇಲ್ವಾ ಅಂತ ಅದ್ರಲ್ಲಿ ಬರೆದಿದ್ಯಾ?" ಎಂದು ಕೇಳಿದ.

"ಇದೆ."

"ಓದಿ."

ಅವಳು ಹಾಳೆ ತಿರುವಿದಳು. ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಒಂದು ಮಾತು ಮೆತ್ತಗೆ ಮಾಡಿ ಓದಲೇ ಎಂದು ಅನಿಸಿತು. ಅವನಿಗೆ ಅದು ತಿಳಿಯಿತೇನೋ.

"ಇದ್ದದ್ದು ಇದ್ದ ಹಾಗೇ ಓದಿ, ಎಜೆ. ಸಮಾಧಾನಕ್ಕೆ ಅಂತ ಏನೂ ತೆಗೀಬೇಡಿ."

"'ಮಂಜು ಶುರುವಾದ ಕೂಡಲೇ ಮಾತ್ರೆ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ದೃಷ್ಟಿ ಮರಳುತ್ತದೆ,'" ಎಂದು ಅವಳು ಓದಿದಳು. "'ತಡವಾದರೆ ಮರಳದೆಯೂ ಇರಬಹುದು.'"

"ಇನ್ನೊಂದ್ಸಲ."

ಅವಳು ಮತ್ತೊಮ್ಮೆ ಓದಿದಳು. ತಾಲಾಯ್ ತಲೆಯಾಡಿಸಿದ. ಆಮೇಲೆ ಮೂಲೆಯ ಕಡೆ ಮುಖ ಮಾಡಿ ಗದರಿದ: "ಸಗಿನ್, ಕೇಳಿಸ್ಕೊಂಡ್ಯಾ? ಇನ್ನೂ ಕೂತಿದ್ದೀಯಲ್ಲೋ! ಎದ್ದು ಕಾಂಪೌಂಡರ್ ಹತ್ರ ಹೋಗು, ಈಗಲೇ. ಅವನು ಬಾಯಿ ಮುಚ್ಚು ಅಂದ್ರೆ ಇನ್ನೂ ಜೋರಾಗಿ ಕೂಗು."

ಸಗಿನ್ ಚಪ್ಪಲಿ ಮೆಟ್ಟಿಕೊಂಡು ಹೊರಟ. ಬಾಗಿಲಲ್ಲಿ ಕಾವಲಿನವನು ತಡೆದಾಗ ಕನಿಶಾಯ್ ಕೂತಲ್ಲಿಂದಲೇ, "ಬಿಡು ಅವನನ್ನ. ನನ್ನ ಹೆಸರು ಬರ್ಕೋ," ಎಂದಳು. ಚಪ್ಪಲಿಯ ಸದ್ದು ಮೊಗಸಾಲೆಯ ಉದ್ದಕ್ಕೂ ದೂರವಾಗುತ್ತಾ ಹೋಯಿತು. ತಾಲಾಯ್ ಕತ್ತು ವಾಲಿಸಿಕೊಂಡು ಅದು ಪೂರ್ತಿ ಕೇಳಿಸದಾಗುವವರೆಗೂ ಕಾದ.

"ಎಜೆ, ಇನ್ನು ಎಷ್ಟು ಪುಟ ಇದೆ?"

"ಹನ್ನೆರಡು."

"ಓದಿ ಮತ್ತೆ. ಎಲ್ಲರೂ ಕೂತಿದ್ದಾರೆ."