ಉಸಿರಲ್ಲಿ ಹೇಳಿದ ಹೌದು

ಸಿಯಾಟಲ್‌ನಲ್ಲಿರುವ ನಮ್ಮ ಎರಿಟ್ರಿಯಾದವರ ಮನೆಗಳಲ್ಲಿ, ಶಾಲೆಗೆ ಸೇರಿದ ಮಕ್ಕಳ ಬಾಯಿಗೆ ಬೀಗ ಬೀಳುವುದು ಹೊಸದೇನಲ್ಲ. ತ್ಸೆಗಾಳ ಮಗಳು ಸೆವಿತ್‌ಗೂ ಹಾಗೇ ಆಯಿತು. ಎರಡನೇ ತರಗತಿಯ ಮಗು. ಒಂದು ದಿನ ತರಗತಿಯಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಳು. ಮಕ್ಕಳು ನಕ್ಕರು. ಅಂದಿನಿಂದ ಶಾಲೆಯಲ್ಲಿ ತುಟಿ ಬಿಚ್ಚಲಿಲ್ಲ.

ತ್ಸೆಗಾ ತಪ್ಪನ್ನೆಲ್ಲ ಮನೆಮಾತಾದ ತಿಗ್ರಿನ್ಯಾ ಭಾಷೆಯ ತಲೆಗೆ ಕಟ್ಟಿದಳು. ಮನೆಯಲ್ಲಿ ಇನ್ನು ಇಂಗ್ಲಿಷೇ ಎಂದು ಕಟ್ಟಪ್ಪಣೆ ಮಾಡಿದಳು. ಪಾಪ, ಅವಳಿಗೆ ಬರುವ ಇಂಗ್ಲಿಷ್ ಎಷ್ಟು? ‘ಕಮ್’, ‘ಈಟ್’, ‘ಸ್ಲೀಪ್’. ಅಲ್ಲಿಗೆ ಮುಗಿಯಿತು. ಕಥೆ ಹೋಯಿತು, ಮುದ್ದು ಹೋಯಿತು, ಬೈಗುಳ ಕೂಡ ಹೋಯಿತು.

ಒಂದು ಭಾನುವಾರ ಪಕ್ಕದ ಮನೆಯ ಅಬ್ರೆಹೆತ್ ಕಾಫಿಗೆ ಬಂದಳು. ಬೇರೆ ಶಾಲೆಯಲ್ಲಿ, ಹೊಸದಾಗಿ ಇಂಗ್ಲಿಷ್ ಕಲಿಯುವ ಮಕ್ಕಳ ಟೀಚರ್ ಅವಳು.

“ಏನೇ ತ್ಸೆಗಾ, ಇದು ಮನೇನಾ, ಆಸ್ಪತ್ರೇನಾ? ಯಾರೂ ಪಿಟಕ್ ಅನ್ನಲ್ವಲ್ಲ!”

“ಮನೆ ಮಾತು ಬಿಟ್ರೆ ಇಂಗ್ಲಿಷ್ ತಾನಾಗೇ ಬರುತ್ತಂತೆ ಅಕ್ಕ.”

“ಬಂತಾ?”

ತ್ಸೆಗಾ ಕಾಫಿ ಬಗ್ಗಿಸಿದಳು.

ಅಬ್ರೆಹೆತ್ ಮಗುವನ್ನು ಹತ್ತಿರ ಕರೆದು ತಿಗ್ರಿನ್ಯಾದಲ್ಲೇ ಕೇಳಿದಳು: “ಕಂದ, ಅವತ್ತು ಟಾಯ್ಲೆಟ್‌ಗೆ ಹೋಗ್ಬೇಕಾ ಅಂತ ಟೀಚರ್ ಕೇಳ್ಲಿಲ್ವಾ?”

“ಕೇಳಿದ್ರು. ಹೌದು ಅಂದೆ.”

“ಹೆಂಗಂದೆ?”

ಸೆವಿತ್ ಉಸಿರನ್ನು ಸರಕ್ಕನೆ ಒಳಗೆಳೆದುಕೊಂಡಳು. ನಮ್ಮಲ್ಲಿ ಹೌದು ಎನ್ನುವುದೇ ಹಾಗೆ.

“ಆಮೇಲೆ?”

“ಟೀಚರ್ ಆ ಕಡೆ ಹೋಗ್ಬಿಟ್ರು.”

“ಅಯ್ಯೋ ನನ್ನ ಕೂಸೇ!” ತ್ಸೆಗಾ ತಲೆಯ ಮೇಲೆ ಕೈ ಹೊತ್ತು ಕುಳಿತಳು.

“ಟೀಚರ್‌ಗೇನು ಗೊತ್ತು? ಅವರಿಗದು ಬರೀ ಉಸಿರು. ನೀನೇ ಹೋಗಿ ಹೇಳ್ಬೇಕು,” ಎಂದಳು ಅಬ್ರೆಹೆತ್.

“ನನ್ನ ಇಂಗ್ಲಿಷ್ ಕೇಳಿದ್ರೆ ನಗ್ತಾರೆ ಅಕ್ಕ.”

“ಇಂಗ್ಲಿಷಲ್ಲಿ ಯಾಕೆ? ದುಭಾಷಿ ಬೇಕು ಅನ್ನು. ಶಾಲೆಯವರೇ ಕರೆಸ್ಬೇಕು, ಅದು ನಿನ್ನ ಹಕ್ಕು. ಮಾತು ತಿರುಗಿಸೋಕೆ ಮಗೂನ ಮಧ್ಯೆ ನಿಲ್ಲಿಸ್ಬೇಡ. ಮನೇಲಿ ಮಾತ್ರ ನಮ್ಮ ಭಾಷೇಲೇ ಬಾಯ್ತುಂಬ ಮಾತಾಡು. ಒಂದು ಭಾಷೆ ಗಟ್ಟಿಯಿದ್ರೆ ತಾನೇ ಅದರ ಮೇಲೆ ಇನ್ನೊಂದು ನಿಲ್ಲೋದು?”

ತ್ಸೆಗಾ ಮರುದಿನವೇ ಶಾಲೆಗೆ ಹೋಗಿ ದುಭಾಷಿ ಬೇಕೆಂದು ಕೇಳಿದಳು. ದುಭಾಷಿ ಬಂದ ದಿನ, ವಿಷಯ ತಿಳಿದ ಟೀಚರ್ ಕಣ್ಣೊರೆಸಿಕೊಂಡರು. ಬೇಕಾದ್ದನ್ನು ತೋರಿಸಲು ಮಗುವಿಗೆ ಚಿತ್ರದ ಚೀಟಿಗಳನ್ನು ಕೊಟ್ಟರು. ತಿಗ್ರಿನ್ಯಾ ಬಲ್ಲ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿದರು. ಉತ್ತರಕ್ಕೆ ಇನ್ನು ಅವಸರ ಮಾಡುವುದಿಲ್ಲ ಎಂದರು.

ಅಂದು ಸಂಜೆ ತ್ಸೆಗಾ ಮಗಳ ತಲೆ ಬಾಚುತ್ತಾ ತಮ್ಮ ಭಾಷೆಯಲ್ಲಿ ಏನೇನೋ ಹರಟಿದಳು. ಮಗು ತುಂಬ ಹೊತ್ತು ಕೇಳಿಸಿಕೊಂಡು, ಆಮೇಲೆ ತಿರುಗಿ ನೋಡಿತು.

“ಅಮ್ಮಾ, ನಾನು ಬಟ್ಟೆ ಒದ್ದೆ ಮಾಡ್ಕೊಂಡೆ ಅಂತ ತಾನೇ ನೀನು ಮಾತು ಬಿಟ್ಟಿದ್ದು? ಈಗ ಕೋಪ ಹೋಯ್ತಾ?”

ತ್ಸೆಗಾ ಮಗಳನ್ನು ತಬ್ಬಿಕೊಂಡು ಅತ್ತಳು. ಸೆವಿತ್ ಈಗ ತರಗತಿಯಲ್ಲಿ ಉತ್ತರಿಸುತ್ತಾಳೆ, ಆದರೆ ಇವತ್ತಿಗೂ ಪಿಸುಮಾತಿನಲ್ಲೇ.

ಅಕ್ಕಂದಿರೇ, ಅಣ್ಣಂದಿರೇ, ಇಂಗ್ಲಿಷನ್ನು ಶಾಲೆ ಕಲಿಸಲಿ. ನೀವು ನಿಮ್ಮ ಭಾಷೆಯನ್ನು ಬಿಡಬೇಡಿ. ನಾಚಿಕೆಪಡದೆ ದುಭಾಷಿ ಬೇಕೆಂದು ಕೇಳಿ. ಟೀಚರ್‌ಗಳೇ, ಉತ್ತರ ಕೇಳಿಸಲಿಲ್ಲವೆಂದರೆ ಮಗು ಹೇಳಲಿಲ್ಲ ಎಂದುಕೊಳ್ಳಬೇಡಿ, ಇನ್ನೊಮ್ಮೆ ಕೇಳಿ. ಮನೆಯಲ್ಲಿ ಮಾತು ನಿಲ್ಲಿಸಿದ್ದರೆ ಇವತ್ತೇ ಮಗುವನ್ನು ಹತ್ತಿರ ಕೂರಿಸಿಕೊಂಡು, ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ, ನಿನ್ನ ಮೇಲೆ ಕೋಪವಿಲ್ಲ ಎಂದು ಹೇಳಿ.